ಫೋಟೋದಲ್ಲಿ ಟ್ಯೂಬ್‌ಲೈಟ್ ಕಾಣುತ್ತೆ, ಬಗ್ (ಕೋಡಿನ ತಪ್ಪು) ಕಾಣಲ್ಲ. ಬಳಸುವವರ ಸಹಾಯ ಪಡೆಯೋದು ಹೇಗೆ?

ಅರ್ಕಾವತ್ತು ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವ ಸಣ್ಣದೊಂದು ಕನ್ವರ್ಟರ್ ಬರೆದಿದ್ದೇನೆ. ಜಾವಾಸ್ಕ್ರಿಪ್ಟ್, ಒಂದೇ ಪುಟ. ಪೆನ್‌ಡ್ರೈವಿಗೆ ಹಾಕಿಕೊಂಡರೆ ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅದರ ಕೋಡ್, ಎಲ್ಲರೂ ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ತಿದ್ದಬಹುದು. ಆಫೀಸಿನಿಂದ ಬಂದಮೇಲೆ ಊಟಕ್ಕೆ ಕರೆಯುವವರೆಗೆ ಸಿಗುವ ಒಂದು ಗಂಟೆಯಲ್ಲಿ ಮಾಡುವ ಕೆಲಸ ಇದು. ಬಳಸುವವರು ಹೆಚ್ಚಾಗಿ ಡಿಟಿಪಿಯವರು, ಪ್ರೆಸ್ಸಿನವರು, ಕೆಲವು ಮೇಷ್ಟ್ರುಗಳು.

ಎರಡು ವರ್ಷದಲ್ಲಿ ಗಿಟ್‌ಹಬ್‌ನ ಇಶ್ಯೂ ಪುಟಕ್ಕೆ ಬಂದಿದ್ದು ನಾಲ್ಕೇ ದೂರು. ಅದರಲ್ಲಿ ಒಂದು ನಾನೇ ಹಾಕಿದ್ದು. ಆದರೆ ವಾಟ್ಸಾಪಿನಲ್ಲಿ ವಾರಕ್ಕೆ ಮೂರು ಸಲ ಬರುತ್ತದೆ, "ಸರ್, ಸರಿಯಾಗಿ ಬರ್ತಿಲ್ಲ." ಏನು ಬರ್ತಿಲ್ಲ ಅಂತ ಕೇಳಿದರೆ ಮಾನಿಟರಿಗೆ ಮೊಬೈಲ್ ಹಿಡಿದು ತೆಗೆದ ಫೋಟೋ. ಅದರಲ್ಲಿ ಟ್ಯೂಬ್‌ಲೈಟ್ ಮಾತ್ರ ಚೆನ್ನಾಗಿ ಕಾಣುತ್ತದೆ. ಫೈಲ್ ಕಳಿಸಿ ಅಂದರೆ ಆಮೇಲೆ ಸುದ್ದಿಯೇ ಇಲ್ಲ.

ಹೋದ ತಿಂಗಳು ಒಬ್ಬರು "ಕರ್ನಾಟಕ ಅಂತ ಹುಡುಕಿದ್ರೆ ಸಿಗ್ತಿಲ್ಲ" ಅಂದರು. ಮೂರು ಸಂಜೆ ನನ್ನ ಕೋಡಿನಲ್ಲೇ ತಡಕಾಡಿದೆ. ಕೊನೆಗೆ ಹೇಗೋ ಫೈಲ್ ಸಿಕ್ಕಿತು. ನೋಡಿದರೆ ಬದಲಾಯಿಸಿದ ಮೇಲೆ ಅವರೇ ಸೇರಿಸಿದ ಸಾಲುಗಳಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿದ್ದಾರೆ. ಕನಾ೯ಟಕ. ಕಣ್ಣಿಗೆ ಗೊತ್ತೇ ಆಗಲ್ಲ. ಫೈಲು ಮೊದಲ ದಿನವೇ ಕೈಗೆ ಬಂದಿದ್ದರೆ ಐದು ನಿಮಿಷ ಸಾಕಿತ್ತು.

ಬಳಸುವವರ ಮೇಲೆ ಸಿಟ್ಟಿಲ್ಲ, ಸುಸ್ತು ಅಷ್ಟೇ. ಕೋಡ್ ಬರೆಯದವರಿಂದಲೂ ಬಗ್ ಸರಿ ಮಾಡಲು ಸಹಾಯ ಪಡೆದವರು ಇಲ್ಲಿ ಇದ್ದೀರಾ? ಹೇಗೆ ಕೇಳಿದಿರಿ?

ಟರ್ಮಿನಲ್_ಮಾವ ಬರೆದಿದ್ದು:

ಇಶ್ಯೂ ಪುಟಕ್ಕೆ ಒಂದು ಟೆಂಪ್ಲೇಟ್ ಹಾಕಿ. ಯಾವ ಆವೃತ್ತಿ, ಯಾವ ಫಾಂಟ್, ಯಾವ ಬ್ರೌಸರ್, ಏನು ಮಾಡಿದಾಗ ಕೆಟ್ಟಿತು. ಕನ್ನಡದಲ್ಲೇ ಬರೆದು ಹಾಕಬಹುದು. ತುಂಬದಿದ್ದರೆ ಮುಚ್ಚಿಬಿಡಿ.

ಇನ್ನೊಂದು ಮಾತು. ಹಳೇ ಆವೃತ್ತಿಗಳನ್ನು ಅಳಿಸಬೇಡಿ, ನಂಬರ್ ಹಾಕಿ ಎಲ್ಲವನ್ನೂ ಇಡಿ. ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶದವರು ಬಿಬೈಸೆಕ್ಟ್ ಅಂತ ಮಾಡುತ್ತಾರೆ. ನಡೆಸಲು ಸಿದ್ಧವಾದ ಸಾಲುಸಾಲು ಆವೃತ್ತಿಗಳನ್ನು ಒಂದು ಗಿಟ್ ಭಂಡಾರದಲ್ಲಿ ಇಟ್ಟಿರುತ್ತಾರೆ. ನೀವು ನಡುವಿನದನ್ನು ತೆರೆದು ಚೆನ್ನಾಗಿದೆ ಅಥವಾ ಕೆಟ್ಟಿದೆ ಅಂತ ಹೇಳಬೇಕು, ಅಷ್ಟೇ. ಪ್ರತಿ ಸಲ ಅರ್ಧ ಕಳೆಯುತ್ತದೆ. ಸಾವಿರ ಆವೃತ್ತಿ ಇದ್ದರೂ ಹತ್ತು ಸಲ ನೋಡಿದರೆ ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಸಿಕ್ಕಿಬೀಳುತ್ತದೆ. ಫೈರ್‌ಫಾಕ್ಸಿಗೂ ಮೊಜ್‌ರಿಗ್ರೆಷನ್ ಅಂತ ಇಂಥದೇ ಒಂದಿದೆ. ಕೋಡ್ ಬರೆಯುವ ಸಿ ಪ್ಲಸ್ ಪ್ಲಸ್ ಭಾಷೆ ಒಂದಕ್ಷರ ಬರದವರೂ ಮಾಡಬಹುದು. ತಾಳ್ಮೆ ಇದ್ದರಾಯಿತು.

ಹಳೇಪ್ರೆಸ್ ಬರೆದಿದ್ದು:

ನಮಸ್ಕಾರ ತಮ್ಮಾ. ಧಾರವಾಡದಲ್ಲಿ 22 ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತೇನೆ. ನೀವು ಹೇಳಿದ ಆ ಟ್ಯೂಬ್‌ಲೈಟ್ ಬಹುಶಃ ನಮ್ಮ ಅಂಗಡೀದೇ ನೋಡ್ರಿ. ಎರಡು ಸಲ ನಾನೇ ಫೋಟೋ ಕಳಿಸಿದ್ದೆ.

ಫೋಟೋ ಯಾಕೆ ಅಂತ ಹೇಳುತ್ತೇನೆ. ಪುಟ ಜೋಡಿಸುವ ಪೇಜ್‌ಮೇಕರ್ ಇರುವ ಕಂಪ್ಯೂಟರಿಗೆ ನಾನು ನೆಟ್ ಕೊಟ್ಟಿಲ್ಲ. ಪೇಜ್‌ಮೇಕರ್ 7.0 ಬಂದಿದ್ದು 2001ರಲ್ಲಿ, ಆಮೇಲೆ ದೊಡ್ಡ ಹೊಸ ಆವೃತ್ತಿ ಬರಲೇ ಇಲ್ಲ. ಆ ಕಂಪ್ಯೂಟರಿಗೆ ವೈರಸ್ ಹೊಕ್ಕರೆ ನನ್ನ ಅಷ್ಟೂ ವರ್ಷದ ಕೆಲಸ ಹೋಯಿತು. ನಿಮ್ಮ ಪುಟ ಪೆನ್‌ಡ್ರೈವಿನಲ್ಲಿ ನಡೆಯುತ್ತದೆ ಅಂತಲೇ ನಾನು ಅದನ್ನು ಹಿಡಿದಿದ್ದು. ಅಲ್ಲಿಂದ ಮೊಬೈಲಿಗೆ ಬರುವ ಸುಲಭದ ದಾರಿ ಅಂದರೆ ಫೋಟೋ ಒಂದೇ.

ಫೈಲ್ ಯಾಕೆ ಕೊಡಲ್ಲ ಅಂದರೆ, ಅದು ನನ್ನದಲ್ಲ. ಒಬ್ಬರ ಖರೀದಿಪತ್ರ, ಇನ್ನೊಬ್ಬರ ಮೃತ್ಯುಪತ್ರ. ಗಿರಾಕಿ ಆಸ್ತಿ ವಿಷಯ ಗಿಟ್‌ಹಬ್‌ಗೆ ಹಾಕಲಿಕ್ಕೆ ಆಗುತ್ತದೇನು? ಆ ಪುಟ ಒಮ್ಮೆ ತೆರೆದು ನೋಡಿದ್ದೆ. ಎಲ್ಲ ಇಂಗ್ಲಿಷು, ಮೇಲಿಂದ ಅಕೌಂಟ್ ಬೇರೆ ಮಾಡಬೇಕು. ಮಾವ ಅವರ ಟೆಂಪ್ಲೇಟ್ ಕನ್ನಡದಲ್ಲಿದ್ದರೂ ನನಗೆ ಪಹಣಿ ಅರ್ಜಿಯೇ ನೆನಪಾಗುತ್ತದೆ. ತುಂಬದಿದ್ದರೆ ಮುಚ್ಚಿಬಿಡಿ ಅಂದರೆ ನಾವೂ ಸುಮ್ನೆ ಪುಟ ಮುಚ್ಚಿ ಹೋಗುತ್ತೇವೆ.

ಮತ್ತೆ ನಾವು ಏನು ಮಾಡುತ್ತೇವೆ ಅಂತ ನೀವು ಯಾವತ್ತೂ ಕೇಳಲೇ ಇಲ್ಲ. ಕನ್ವರ್ಟ್ ಆದಮೇಲೆ ಪ್ರತಿ ಫೈಲಿನಲ್ಲೂ ಅವವೇ ಪದಗಳು ಕೆಡುತ್ತವೆ. ಬಿಲ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ, ಎಡಕ್ಕೆ ಬರುವುದು, ಬಲಕ್ಕೆ ಬರಬೇಕಾದದ್ದು. 43 ಪದ ಆಗಿವೆ. ಅಂಗಡಿಯ ಹುಡುಗಿ ಒಂದೊಂದನ್ನೇ ಫೈಂಡ್ ರಿಪ್ಲೇಸ್ ಕೊಡುತ್ತಾಳೆ. ಹತ್ತು ನಿಮಿಷದ ಕೆಲಸ. ಆ ಪುಟ ಸಾಕೇನು? ಫೋಟೋ ತೆಗೆದು ಹಾಕಿದ್ದೇನೆ.

ಸುಮ್ನೆ_ಓದುಗ ಬರೆದಿದ್ದು:

ನನಗೆ ಕೋಡ್ ಬರಲ್ಲ. ಹಳೇಪ್ರೆಸ್ ಮೇಡಂ ಅವರ ಪಟ್ಟಿಯನ್ನು ಟೈಪ್ ಮಾಡಿ ಶೀಟಿಗೆ ಹಾಕಿದ್ದೇನೆ. ಅಕ್ಷರ ಮುತ್ತಿನ ಹಾಗಿದೆ. 31ನೆಯದರ ಮೇಲೆ ಚಹಾ ಕಲೆ ಇದೆ, ಓದಲು ಆಗಲಿಲ್ಲ.

ಟೈಪ್ ಮಾಡುವಾಗ ಕಂಡಿದ್ದು: ಸಾಮಥ್ರ್ಯ, ಪಾಶ್ರ್ವ, ಈಷ್ರ್ಯೆ, ಅಘ್ರ್ಯ. ಎಲ್ಲ ಒಂದೇ ಥರ ಕೆಟ್ಟಿವೆ ಅಲ್ವಾ? ಸಾಮಥ್ರ್ಯ ಅನ್ನೋದನ್ನು ನಾನು ಸುದ್ದಿಗಳಲ್ಲೂ ಎಷ್ಟೋ ಸಲ ನೋಡಿದ್ದೇನೆ. ಬರೆದವರಿಗೆ ಕನ್ನಡ ಬರಲ್ಲ ಅಂತ ಬೈದುಕೊಂಡಿದ್ದೆ. ಪಾಪ.

ಅರ್ಕಾವತ್ತು ಬರೆದಿದ್ದು:

ಮೇಡಂ, ಮೊದಲು ಕ್ಷಮೆ ಇರಲಿ. ಟ್ಯೂಬ್‌ಲೈಟ್ ಬಗ್ಗೆ ಹಾಗೆ ಬರೆಯಬಾರದಿತ್ತು.

ಪಟ್ಟಿ ನೋಡಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರ ಆದಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ಮೊದಲೇ ಬರಬೇಕು. ಅದನ್ನು ಹಿಂದಕ್ಕೆ ತರುವಾಗ ನನ್ನ ಕೋಡ್ ಒಂದೇ ಅಕ್ಷರ ದಾಟಿಸುತ್ತಿತ್ತು. ಕರ್ನಾಟಕ, ಸರ್ಕಾರ, ಧರ್ಮ, ಮಾರ್ಗ, ನಾನು ಪರೀಕ್ಷೆ ಮಾಡಿದ ಪದಗಳೆಲ್ಲ ಇಂಥವೇ. ಅರ್ಕಾವತ್ತಿನ ಕೆಳಗೆ ಇನ್ನೊಂದು ಒತ್ತು ಇರುವ ಪದ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಾಮರ್ಥ್ಯದಲ್ಲಿ ಥ, ಯ ಎರಡನ್ನೂ ದಾಟಬೇಕು. 43ರಲ್ಲಿ 11 ಪದ ಇದೊಂದರಿಂದಲೇ ಕೆಟ್ಟಿದ್ದವು. ತಿದ್ದಿದ್ದು ಒಂದೇ ಸಾಲು.

ಈಗ ಆ ಪಟ್ಟಿಯೇ ನನ್ನ ಟೆಸ್ಟ್ ಫೈಲ್ ಆಗಿದೆ. ಕೋಡಿನಲ್ಲಿ ಏನೇ ಮುಟ್ಟಿದರೂ ಅದರಲ್ಲಿ ಸರಿ ಆದ ಪದಗಳು ಮತ್ತೆ ಕೆಡಬಾರದು. ಕನ್ವರ್ಟರಿನ ಕೆಳಗಡೆ ಎರಡು ಖಾನೆ ಹಾಕಿದ್ದೇನೆ, ಬಂದಿದ್ದು ಮತ್ತು ಬರಬೇಕಾದದ್ದು. ಒಂದೊಂದೇ ಪದ ಬರೆದರೆ ಸಾಕು, ಪೂರ್ತಿ ಫೈಲ್ ಬೇಡ. ಬರೆದದ್ದನ್ನೆಲ್ಲ ಪೆನ್‌ಡ್ರೈವಿಗೆ ಸಣ್ಣ ಫೈಲಾಗಿ ಉಳಿಸಿಕೊಳ್ಳಬಹುದು. ನೆಟ್ ಇರುವ ಕಡೆ ಬಂದಾಗ ಅದೊಂದನ್ನು ವಾಟ್ಸಾಪ್ ಮಾಡಿ. ಗಿಟ್‌ಹಬ್‌ಗೆ ನಾನು ಹಾಕಿಕೊಳ್ಳುತ್ತೇನೆ.

ಪಟ್ಟಿಯ ಕೊನೆಯ ಐದು ಮಾತ್ರ ಆಗಲ್ಲ. ಇಮೇಲ್ ವಿಳಾಸ ಹೋಗಿ ಅರ್ಥವಿಲ್ಲದ ಕನ್ನಡ ಆಗುತ್ತದೆ ಅಂದಿದ್ದೀರಲ್ಲ, ಅದು. ಹಳೇ ಫಾಂಟಿನಲ್ಲಿ ಕನ್ನಡವೂ ಒಳಗಡೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಪೇಸ್ಟ್ ಮಾಡುವಾಗ ಫಾಂಟಿನ ಹೆಸರು ಕಳಚಿ ಬೀಳುತ್ತದೆ, ಆಮೇಲೆ ಯಾವುದು ಕನ್ನಡ ಯಾವುದು ಇಂಗ್ಲಿಷ್ ಅಂತ ನನ್ನ ಕೋಡಿಗೆ ತಿಳಿಯಲ್ಲ. 17ನೆಯದು ಎಡಕ್ಕೂ ಬಲಕ್ಕೂ ಒಂದೇ ಇತ್ತು, ಕೈತಪ್ಪಿ ಬಂದಿರಬೇಕು ಅಂತ ಬಿಟ್ಟಿದ್ದೇನೆ.

ಟರ್ಮಿನಲ್_ಮಾವ ಬರೆದಿದ್ದು:

ತುಂಬದಿದ್ದರೆ ಮುಚ್ಚಿಬಿಡಿ ಅಂದಿದ್ದನ್ನು ವಾಪಸ್ ತಗೊಂಡೆ.

17ನೆಯದು ತಪ್ಪಲ್ಲ. ಶೀಟ್ ಬಿಟ್ಟು ಮೇಡಂ ಕೈಬರಹದ ಫೋಟೋ ನೋಡಿ. ಎಡಕ್ಕೆ ರ್ಯಾಲಿ, ಬಲಕ್ಕೆ ರ‍್ಯಾಲಿ. ಬರಿ ರ, ಹಲಂತ (ಸ್ವರ ತೆಗೆಯುವ ಚಿಹ್ನೆ), ಯ ಕೊಟ್ಟರೆ ಕಂಪ್ಯೂಟರ್ ಅರ್ಕಾವತ್ತು ಮಾಡಿಬಿಡುತ್ತದೆ. ರ ಹಾಗೇ ನಿಂತು ಕೆಳಗೆ ಯ ಒತ್ತು ಬರಬೇಕಾದರೆ ರ ಆದಮೇಲೆ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ (ಜಾಯಿನರ್) ಸೇರಿಸಬೇಕು. ನಿಮ್ಮ ಕೋಡ್ ಸೇರಿಸುತ್ತಿಲ್ಲ. ಶೀಟಿಗೆ ಟೈಪ್ ಮಾಡಿದವರೂ ಸೇರಿಸಿಲ್ಲ, ಅದಕ್ಕೇ ಎರಡೂ ಒಂದೇ ಥರ ಕಂಡಿದೆ. ಫೋಟೋ ಇಲ್ಲದಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಸುಮ್ನೆ_ಓದುಗ ಬರೆದಿದ್ದು:

ಹೌದು, ನನ್ನ ಮೊಬೈಲ್ ಕೀಬೋರ್ಡಿನಲ್ಲಿ ಅದು ಹೇಗೆ ಮಾಡೋದು ಅಂತಲೇ ಗೊತ್ತಾಗಲಿಲ್ಲ. ಹತ್ತಿರ ಕಂಡಿದ್ದನ್ನು ಹಾಕಿದ್ದೆ. ಈಗ ಇಲ್ಲಿಂದ ಕಾಪಿ ಮಾಡಿ ಸರಿ ಮಾಡಿದೆ.

ಹಳೇಪ್ರೆಸ್ ಬರೆದಿದ್ದು:

ಹೊಸದನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಸಾಮರ್ಥ್ಯ ಸರಿ ಬಂತು, ಪಾರ್ಶ್ವವಾಯುವೂ ಬಂತು. ಹುಡುಗಿ ಬಿಲ್ ಪುಸ್ತಕದಲ್ಲಿ 11 ಪದಕ್ಕೆ ಗೀಟು ಹಾಕಿದಳು. 31ನೆಯದು ಮರ್ತ್ಯ ಅಂತ, ಚಹಾ ನನ್ನದೇ. ಅದೂ ಸರಿ ಆಗಿದೆ.

17 ಇನ್ನೂ ಹಂಗೇ ಇದೆ ನೋಡ್ರಿ. ಫೋಟೋ ಕಳಿಸಲೇನು? ಲೈಟ್ ಆರಿಸಿ ತೆಗೆಯುತ್ತೇನೆ.