ಅಪ್ಪನ ಡೆಸ್ಕ್‌ಟಾಪಲ್ಲಿ ವಿಂಡೋಸ್ ಅಪ್‌ಡೇಟ್ ಫೇಲ್ ಆಗ್ತಾನೇ ಇದೆ, ಫಾರ್ಮ್ಯಾಟ್ ಬಿಟ್ರೆ ಬೇರೆ ದಾರಿ ಇಲ್ವಾ?

ಸಾಗರದ_ಕಡೆ:

ಎಲ್ರಿಗೂ ನಮಸ್ಕಾರ. ಊರಲ್ಲಿ ಅಪ್ಪನ ಹತ್ರ ಒಂದು ಅಸೆಂಬಲ್ಡ್ ಡೆಸ್ಕ್‌ಟಾಪ್ ಇದೆ, 2016ರ ಸುಮಾರಿಗೆ ಹಾಕ್ಸಿದ್ದು. ವಿಂಡೋಸ್ 10, ಸಿ ಡ್ರೈವ್‌ಗೆ ಆಮೇಲೆ 120 ಜಿಬಿ ಎಸ್‌ಎಸ್‌ಡಿ ಹಾಕ್ಸಿದೀವಿ, ಹಳೇ ಹಾರ್ಡ್ ಡಿಸ್ಕ್ ಡಿ ಡ್ರೈವ್ ಆಗಿ ಹಾಗೇ ಇದೆ. ಅಡಿಕೆ ಲೆಕ್ಕ, ಸೊಸೈಟಿ ಮೀಟಿಂಗ್ ನೋಟೀಸು ನುಡಿಯಲ್ಲಿ ಟೈಪ್ ಮಾಡೋದು, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗ್ಯೋದು, ಇಷ್ಟೇ ಅವ್ರ ಕೆಲ್ಸ.

ಈ ಮಳೆಗಾಲ ಶುರುವಾದಾಗಿಂದ ಅಪ್‌ಡೇಟ್ ಒಂದೂ ಆಗ್ತಿಲ್ಲ. ಅಪ್‌ಡೇಟ್ ಪೇಜ್ ತೆಗುದ್ರೆ ಚೆಕಿಂಗ್ ಅಂತ ಸುತ್ತಿ ಸುತ್ತಿ ಕೊನೆಗೆ ಎರರ್, ಕೋಡ್ 0ಎಕ್ಸ್80072ಎಫ್8ಎಫ್. ರಿಟ್ರೈ ಒತ್ತಿದ್ರೂ ಅದೇ. ಟ್ರಬಲ್‌ಶೂಟರ್ ಓಡ್ಸಿ ಅಂತ ಫೋನಲ್ಲಿ ಹೇಳ್ದೆ, ಓಡ್ಸಿದ್ರು, ಸರಿ ಮಾಡಿದೀನಿ ಅಂತ ಅದು ಹೇಳ್ತು, ಆದ್ರೆ ಏನೂ ಬದಲಾಗ್ಲಿಲ್ಲ. ನೆಟ್ ಇದೆ, ಅದೇ ವೈಫೈಲಿ ಫೋನ್ ಚೆನ್ನಾಗೇ ಓಡತ್ತೆ. ಕಂಪ್ಯೂಟರಲ್ಲಿ ಮಾತ್ರ ಬ್ಯಾಂಕ್ ಸೈಟು, ಇನ್ನೂ ಕೆಲವು ಸೈಟು ತೆಗ್ಯಲ್ಲ, ಕನೆಕ್ಷನ್ ಪ್ರೈವೇಟ್ ಅಲ್ಲ ಅಂತ ಕೆಂಪು ಗುರ್ತು ಬರತ್ತೆ.

ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದ್ಯೋ ಇಲ್ವೋ, ಬೆಳಿಗ್ಗೆ ಆನ್ ಮಾಡ್ದಾಗ ಕಪ್ಪು ಸ್ಕ್ರೀನಲ್ಲಿ ಎಫ್1 ಒತ್ತಿ ಅಂತ ಬರತ್ತಂತೆ, ಒತ್ತಿ ಹೊರಗೆ ಬಂದ್ಮೇಲೆ ವಿಂಡೋಸ್ ಶುರುವಾಗತ್ತೆ. ಪೇಟೆ ಅಂಗಡಿಯವ್ರು ಫಾರ್ಮ್ಯಾಟ್ ಮಾಡ್ಬೇಕು ತಗೊಂಬನ್ನಿ ಅಂದಿದಾರೆ. ನಾನು ಬೆಂಗ್ಳೂರಲ್ಲಿ ಇರೋದು, ಫಾರ್ಮ್ಯಾಟ್ ಆದ್ರೆ ನುಡಿ, ಪ್ರಿಂಟರ್, ಹಳೇ ಫೈಲು ಎಲ್ಲ ಮತ್ತೆ ಕೂರ್ಸೋಕೆ ಅಲ್ಲಿ ಯಾರೂ ಇಲ್ಲ. ಫೋನಲ್ಲೇ ಹೇಳಿ ಮಾಡ್ಸೋ ಥರ ದಾರಿ ಇದ್ರೆ ದಯವಿಟ್ಟು ತಿಳ್ಸಿ.

ಮಧ್ಯರಾತ್ರಿ_ಬೂಟ್:

ಸಿ ಡ್ರೈವಲ್ಲಿ ವಿಂಡೋಸ್ ಫೋಲ್ಡರ್ ಒಳಗೆ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಅಂತ ಒಂದು ಫೋಲ್ಡರ್ ಇರತ್ತೆ ಬ್ರೋ, ಸರ್ವಿಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಸರ್ವಿಸ್ ಸ್ಟಾಪ್ ಮಾಡಿ ಆ ಫೋಲ್ಡರಲ್ಲಿರೋ ಡೌನ್‌ಲೋಡ್ ಖಾಲಿ ಮಾಡಿ ಮತ್ತೆ ಸ್ಟಾರ್ಟ್ ಮಾಡಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಅಪ್‌ಡೇಟೇ ಪೂರ್ತಿ ಆಫ್ ಮಾಡಿಬಿಡಿ, ಅಡಿಕೆ ಲೆಕ್ಕಕ್ಕೆ ಅಪ್‌ಡೇಟ್ ಯಾಕೆ ಬೇಕು. ನಮ್ಮನೇಲಿ ಹಾಗೇ ಇಟ್ಟಿದೀವಿ, ಏನೂ ತೊಂದ್ರೆ ಇಲ್ಲ.

ಹುಬ್ಬಳ್ಳಿ_ರಿಪೇರಿ:

ಫಾರ್ಮ್ಯಾಟ್ ಮಾಡ್ಸಬ್ಯಾಡ್ರಿ. ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡೂದು ಒಳ್ಳೆ ಉಪಾಯ ಖರೆ, ಆದ್ರ ಈ ಎರರಿಗೆ ಅಲ್ಲ. ನೀವು ಬರ್ದಿದ್ದರಾಗ ಉತ್ತರ ಐತಿ, ಮುಂಜಾನೆ ಎಫ್1 ಒತ್ತಬೇಕು ಅಂದ್ರಲ್ಲ, ಅದ ಮುಖ್ಯ. ಮೊದ್ಲ ಅಪ್ಪಾರಿಗೆ ಫೋನ್ ಹಚ್ಚಿ ಸ್ಕ್ರೀನಿನ ಕೆಳಗ ಬಲಗಡೆ ಮೂಲ್ಯಾಗ ತಾರೀಖು ಎಷ್ಟ ತೋರಸ್ತೈತಿ ಕೇಳ್ರಿ. ದಿನ ತಿಂಗಳಾ ಅಷ್ಟ ಅಲ್ಲ, ಇಸವಿ ಸೈತ ಓದ್ಸ್ರಿ.

ಮದರ್‌ಬೋರ್ಡಿನ ಮ್ಯಾಲ ಒಂದು ರೂಪಾಯಿ ನಾಣ್ಯದಂಥಾ ಸೆಲ್ ಇರ್ತೈತಿ. ಕರೆಂಟ್ ಇಲ್ಲದಾಗ ಗಡಿಯಾರ ನಡಸೂದು ಅದ. ಎಂಟ್ಹತ್ತು ವರ್ಷದ ಬೋರ್ಡಿನ್ಯಾಗ ಅದು ಸತ್ತಿರ್ತೈತಿ, ಅದ್ರಾಗೂ ರಾತ್ರಿ ಗ್ವಾಡೀ ಸ್ವಿಚ್ ಆಫ್ ಮಾಡೋ ಮನ್ಯಾಗ ಲಗೂನ ಸಾಯ್ತೈತಿ, ಯಾಕಂದ್ರ ಸ್ವಿಚ್ ಚಾಲೂ ಇದ್ರ ಪಿಸಿ ಬಂದ್ ಇದ್ರೂ ಎಸ್‌ಎಂಪಿಎಸ್ಸಿಂದ, ಅಂದ್ರ ಪಿಸಿಯೊಳಗಿನ ಪವರ್ ಡಬ್ಬಿಯಿಂದ, ಸ್ವಲ್ಪ ಕರೆಂಟ್ ಬೋರ್ಡಿಗೆ ಹೋಗ್ತಿರ್ತೈತಿ, ಸೆಲ್ಲಿನ ಮ್ಯಾಲ ಭಾರ ಬೀಳಂಗಿಲ್ಲ. ಸೆಲ್ ಸತ್ತಿಂದ ಗಡಿಯಾರ ಬೋರ್ಡ್ ಮಾಡಿದ ಕಾಲಕ್ಕ ಹೊಳ್ಳಿ ಹೋಗ್ತೈತಿ.

ಇದಕ್ಕೂ ಅಪ್‌ಡೇಟಿಗೂ ಏನು ಸಂಬಂಧ ಅಂದ್ರ, ಬ್ಯಾಂಕ್ ಇರ್ಲಿ ಮೈಕ್ರೋಸಾಫ್ಟಿನ ಸರ್ವರ್ ಇರ್ಲಿ, ಕನೆಕ್ಟ್ ಆಗೂ ಮುಂದ ಒಂದು ಸರ್ಟಿಫಿಕೇಟ್ ತೋರಸ್ತೈತಿ. ಅದು ಇಂಥಾ ದಿನದಿಂದ ಇಂಥಾ ದಿನದ ತನಕ ಅಷ್ಟ ನಡೀತೈತಿ. ನಿಮ್ಮ ಪಿಸಿ ಇನ್ನೂ 2016ರಾಗ ಕುಂತಿದ್ರ, ಈಗಿನ ಸರ್ಟಿಫಿಕೇಟ್ ಇನ್ನೂ ಶುರುನ ಆಗಿಲ್ಲ ಅಂತ ತಿಳ್ಕೊಂಡು ಕನೆಕ್ಷನ್ ಕಡೀತೈತಿ. ಬ್ಯಾಂಕ್ ಸೈಟ್ ತೆಗೀವಲ್ದು, ಅಪ್‌ಡೇಟ್ ಆಗವಲ್ದು, ಎರಡಕ್ಕೂ ಕಾರಣ ಒಂದ. ಹೆಚ್ಚಿನ ಸಲ 0ಎಕ್ಸ್80072ಎಫ್8ಎಫ್ ಬರೂದು ಇದಕ್ಕ.

ನೆಟ್ ಇದ್ರ ಟೈಮ್ ತಾನ ಸರಿ ಆಗ್ಬೇಕಲ್ಲ ಅಂತೀರಿ. ಮನಿ ಪಿಸಿಯೊಳಗ ವಿಂಡೋಸ್ ಟೈಮ್ ಸರ್ವಿಸಿಗೆ 54000 ಸೆಕೆಂಡಿನ ಮಿತಿ ಹಾಕಿರ್ತಾರ, ಅಂದ್ರ 15 ತಾಸು. ಫರಕ ಅದಕ್ಕಿಂತ ದೊಡ್ಡದಿದ್ರ ಅದು ಕೈ ಹಚ್ಚಂಗಿಲ್ಲ. ಹಂಗಾಗಿ ಮೊದ್ಲ ಸೆಟ್ಟಿಂಗ್ಸಿನ್ಯಾಗ ಟೈಮ್ ಅಂಡ್ ಲ್ಯಾಂಗ್ವೇಜಿಗೆ ಹೋಗಿ ಸೆಟ್ ಟೈಮ್ ಆಟೊಮ್ಯಾಟಿಕಲಿ ಆಫ್ ಮಾಡಿ, ಚೇಂಜ್ ಒತ್ತಿ ಕೈಲೇ ಇವತ್ತಿನ ತಾರೀಖು, ಟೈಮ್ ಹಾಕ್ರಿ. ಟೈಮ್ ಝೋನ್ ಪ್ಲಸ್ 5:30 ಐತೇನು ನೋಡ್ರಿ. ಆಮ್ಯಾಲ ಆಟೊಮ್ಯಾಟಿಕ್ ಹೊಳ್ಳಿ ಆನ್ ಮಾಡಿ ಸಿಂಕ್ ನೌ ಒತ್ರಿ.

ಇದು ಸ್ವಿಚ್ ಆಫ್ ಮಾಡೂ ತನಕ ಅಷ್ಟ. ಸೆಲ್ ಬದಲಿ ಮಾಡ್ಲೇಬೇಕು. ಸಿಆರ್2032 ಅಂತ ಕೇಳ್ರಿ, ನಲವತ್ತೈವತ್ತು ರೂಪಾಯಿಗೆ ವಾಚ್ ಅಂಗಡ್ಯಾಗ ಸಿಗ್ತೈತಿ. 20 ಅಂದ್ರ ಅಗಲ 20 ಮಿಲಿಮೀಟರ್, 32 ಅಂದ್ರ ದಪ್ಪ 3.2 ಮಿಲಿಮೀಟರ್. 2025 ಕೊಟ್ರ ತಗೋಬ್ಯಾಡ್ರಿ, ತೆಳ್ಳಗಿರ್ತೈತಿ, ಗಟ್ಟಿ ಕುಂದ್ರಂಗಿಲ್ಲ. ಪವರ್ ಕೇಬಲ್ ಕಿತ್ತು, ಬಾಜೂ ಮುಚ್ಚಳ ತೆಗೆದು, ಸೆಲ್ಲಿನ ಬದೀಗಿರೋ ಸಣ್ಣ ಕೊಕ್ಕಿ ಉಗುರಿಂದ ಹೊರಗ ಒತ್ತಿದ್ರ ಸೆಲ್ ತಾನ ಮ್ಯಾಲ ಜಿಗೀತೈತಿ. ಹೊಸದನ್ನ ಪ್ಲಸ್ ಗುರ್ತು ಕಾಣೂ ಹಂಗ ಇಡ್ರಿ. ಸ್ಕ್ರೂಡ್ರೈವರ್ ಹಾಕಿ ಮೀಟಬ್ಯಾಡ್ರಿ, ಬೋರ್ಡ್ ಗೀರಿ ಹೋದ್ರ ಕೆಲಸ ಕೆಡ್ತೈತಿ. ಬಯಾಸ್ (ವಿಂಡೋಸ್‌ಕಿಂತ ಮೊದ್ಲ ಶುರುವಾಗೂ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಹೋಗ್ತೈತಿ ಅಂತ ಅಂಜಬ್ಯಾಡ್ರಿ, ಈಗಾಗ್ಲೇ ದಿನಾ ಡೀಫಾಲ್ಟ್ ಮ್ಯಾಲನ ವಿಂಡೋಸ್ ಏಳಾಕತ್ತೈತಿ. ಎಫ್1 ಒತ್ತಿ ತಾರೀಖು ಹಾಕಿ, ಸೇವ್ ಮಾಡಿ ಹೊರಗ ಬಂದ್ರ ಮುಗೀತು.

ಸಾಗರದ_ಕಡೆ:

ಸರ್, ನೀವು ಹೇಳಿದ್ದೇ ಸರಿ. ಅಪ್ಪ ಓದಿ ಹೇಳಿದ್ದು 01-01-2016. ಇನ್ನೊಂದು ವಿಷ್ಯ ಆಗ ಗೊತ್ತಾಯ್ತು, ಮೊನ್ನೆ ಟೈಪ್ ಮಾಡಿದ ನೋಟೀಸ್ ಫೋಲ್ಡರಲ್ಲಿ ಕಾಣ್ತಿಲ್ಲ ಅಂತ ಅವ್ರು ಹುಡುಕ್ತಾ ಇದ್ರಂತೆ, ಅದು ಡೇಟ್ ಪ್ರಕಾರ ಎಲ್ಲಕ್ಕಿಂತ ಕೆಳಗೆ ಹೋಗಿ ಕೂತಿತ್ತು, 2016ರ ಫೈಲ್ ಥರ.

ಕೈಲೇ ತಾರೀಖು ಹಾಕ್ಸಿದ ತಕ್ಷಣ ಬ್ಯಾಂಕ್ ಸೈಟ್ ತೆಗೀತು. ಪಕ್ಕದ್ಮನೆ ಹುಡುಗ ವೀಡಿಯೋ ಕಾಲಲ್ಲಿ ನೋಡ್ಕೊಂಡೇ ಸೆಲ್ ಹಾಕ್ದ, ಎಫ್1 ಕೂಡ ನಿಂತೋಯ್ತು. ನಿಮ್ಗೆ ತುಂಬಾ ಥ್ಯಾಂಕ್ಸ್.

ಅಪ್‌ಡೇಟ್ ಈಗ ಡೌನ್‌ಲೋಡ್ ಶುರು ಮಾಡತ್ತೆ, ಆದ್ರೆ ಮಧ್ಯದಲ್ಲಿ ನಿಂತು ಬೇರೆ ಕೋಡ್ ಕೊಡ್ತಿದೆ, 0ಎಕ್ಸ್80070070. ಸಿ ಡ್ರೈವ್ ಗೆರೆ ಕೆಂಪಗಿದೆ, 3 ಜಿಬಿ ಚಿಲ್ಲರೆ ಖಾಲಿ ತೋರ್ಸತ್ತೆ. ಇದು ವಿಂಡೋಸ್ 10ಗೆ ಸಪೋರ್ಟ್ ಮುಗ್ದಿರೋದ್ರಿಂದ ಬರ್ತಿರೋದಾ?

ಹೆಲ್ಪ್‌ಡೆಸ್ಕ್_ಮೈಸೂರು:

ಅಲ್ಲ, ಸಪೋರ್ಟ್ ಮುಗ್ದಿರೋದಕ್ಕೂ ಇದಕ್ಕೂ ಸಂಬಂಧ ಇಲ್ಲ. 80070070 ಅಂದ್ರೆ ಡಿಸ್ಕಲ್ಲಿ ಜಾಗ ಸಾಲ್ತಿಲ್ಲ ಅಂತ, ಅಷ್ಟೇ. ಒಳ್ಳೇ ಸುದ್ದಿ ಇದು, ಮೊದಲನೇ ಗಂಟು ಬಿಚ್ಚಿದೆ, ಸರ್ವರ್ ತನಕ ಹೋಗಿ ಫೈಲ್ ತರ್ತಿದೆ ಅಂತ ಅರ್ಥ. ಅಪ್‌ಡೇಟ್ ತೊಂದ್ರೇಲಿ ಹೀಗೇ, ಕೋಡ್ ಬದಲಾಯ್ತು ಅಂದ್ರೆ ಕಾರಣಾನೂ ಬದಲಾಯ್ತು, ಅದಕ್ಕೇ ಪ್ರತಿ ಸಲ ಕೋಡ್ ಪೂರ್ತಿ ಬರ್ಕೊಳ್ಳಿ. ನೀವು ಬರ್ಕೊಂಡು ಹಾಕಿದ್ದಕ್ಕೇ ಉತ್ತರ ಹೇಳೋಕೆ ಸುಲಭ ಆಗ್ತಿದೆ.

ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಅಲ್ಲಿ ಟೆಂಪರರಿ ಫೈಲ್ಸ್ ಅಂತ ಇದೆ, ಒತ್ತಿ ಸ್ವಲ್ಪ ಕಾಯ್ಬೇಕು, ಒಂದು ಪಟ್ಟಿ ಬರತ್ತೆ. ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಷನ್ ಫೈಲ್ಸ್, ರೀಸೈಕಲ್ ಬಿನ್ ಇವುಗಳಿಗೆ ಟಿಕ್ ಹಾಕಿ. ಅದೇ ಪಟ್ಟೀಲಿ ಡೌನ್‌ಲೋಡ್ಸ್ ಅಂತಾನೂ ಇರತ್ತೆ, ಅದಕ್ಕೆ ಟಿಕ್ ಬೀಳದೇ ಇರೋ ಹಾಗೆ ದಯವಿಟ್ಟು ನೋಡ್ಕೊಳ್ಳಿ, ಅದು ನಿಮ್ಮ ತಂದೆಯವರ ಸ್ವಂತ ಫೋಲ್ಡರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅಲ್ಲೇ ಬಿದ್ದಿರತ್ತೆ. ಮಧ್ಯರಾತ್ರಿ_ಬೂಟ್ ಅವ್ರು ಹೇಳಿದ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಕೆಲ್ಸ ಈಗ ಮಾಡಿ, ಅರ್ಧಂಬರ್ಧ ಡೌನ್‌ಲೋಡ್ ಆಗಿ ಬಿದ್ದಿರೋದೆಲ್ಲ ಹೋಗತ್ತೆ. ವಾಟ್ಸಾಪಲ್ಲಿ ಬಂದ ವೀಡಿಯೋ, ಮದುವೆ ಫೋಟೋ ಸಿ ಡ್ರೈವಲ್ಲಿದ್ರೆ ಡಿ ಡ್ರೈವ್‌ಗೆ ಹಾಕಿ. 20 ಜಿಬಿ ಖಾಲಿ ಸಿಕ್ರೆ ನಿಶ್ಚಿಂತೆ. ಇದೆಲ್ಲ ಮಾಡೋಕೆ ಮುಂಚೆ ಲೆಕ್ಕದ ಫೋಲ್ಡರ್, ನುಡಿ ಫಾಂಟ್ ಫೈಲು ಒಂದು ಪೆನ್‌ಡ್ರೈವ್‌ಗೆ ಕಾಪಿ ಇರ್ಲಿ.

ಗೂಗಲ್‌ನಲ್ಲಿ ಎರರ್ ಕೋಡ್ ಹುಡುಕಿದ್ರೆ ಒಂದೇ ಕ್ಲಿಕ್ಕಲ್ಲಿ ಸರಿ ಮಾಡ್ತೀವಿ ಅನ್ನೋ ಸಾಫ್ಟ್‌ವೇರ್, ಟೋಲ್ ಫ್ರೀ ನಂಬರ್ ಸಾಲಾಗಿ ಬರತ್ತೆ, ಅವು ಯಾವ್ದನ್ನೂ ಮುಟ್ಬೇಡಿ ಅಂತ ತಂದೆಯವರಿಗೆ ಮೊದ್ಲೇ ಹೇಳಿಡಿ. ಬ್ಯಾಂಕ್ ಕೆಲ್ಸ ಮಾಡೋ ಕಂಪ್ಯೂಟರ್ ಅದು.

ಮುಂದೆ ಯಾರಾದ್ರೂ ಇದನ್ನ ಓದೋರಿಗೆ: 0ಎಕ್ಸ್80070643 ಬಂದ್ರೆ ಕಥೆ ಬೇರೆ. 2024 ಜನವರಿ 9ರಂದು ಬಂದ ಕೆಬಿ5034441 ಅನ್ನೋ ಅಪ್‌ಡೇಟ್‌ಗೆ ತುಂಬಾ ಜನರಿಗೆ ಈ ಕೋಡ್ ಬಂದಿತ್ತು. ಅದು ರಿಕವರಿ ಪಾರ್ಟಿಷನಲ್ಲಿ (ವಿಂಡೋಸ್ ರಿಪೇರಿಗೆ ಅಂತ ಡಿಸ್ಕಲ್ಲಿ ಬೇರೆ ಇಟ್ಟಿರೋ ಭಾಗ) 250 ಎಂಬಿ ಜಾಗ ಕೇಳತ್ತೆ, ಸಿ ಡ್ರೈವಲ್ಲಿ ಎಷ್ಟು ಖಾಲಿ ಇದ್ರೂ ಉಪಯೋಗ ಇಲ್ಲ. ಪಾರ್ಟಿಷನ್ ಕೆಲ್ಸ ಫೋನಲ್ಲಿ ಹೇಳಿ ಮಾಡ್ಸೋಕೆ ಹೋಗ್ಬೇಡಿ, ಕೈ ತಪ್ಪಿದ್ರೆ ಡೇಟಾನೇ ಹೋಗತ್ತೆ.

ಪ್ಯಾಚ್_ಮಂಗಳವಾರ:

ಅಪ್‌ಡೇಟ್ ಆಫ್ ಮಾಡಿಬಿಡಿ ಅಂತ ಮೇಲೆ ಒಬ್ರು ಹೇಳಿದ್ದಕ್ಕೆ ಬರೀತಿದೀನಿ. ದಯವಿಟ್ಟು ಹಾಗೆ ಮಾಡ್ಬೇಡಿ. ವನ್ನಾಕ್ರೈ ಅನ್ನೋ ವೈರಸ್ ಬಂದು ಫೈಲೆಲ್ಲ ಲಾಕ್ ಮಾಡಿ ದುಡ್ಡು ಕೇಳಿದ್ದು 2017ರ ಮೇ 12ಕ್ಕೆ, ಅದು ನುಗ್ಗಿದ ಕಿಂಡಿ ಮುಚ್ಚೋ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಹೆಚ್ಚೂಕಮ್ಮಿ ಎರಡು ತಿಂಗಳು ಟೈಮ್ ಇತ್ತು, ಅಷ್ಟರೊಳಗೆ ಅಪ್‌ಡೇಟ್ ಮಾಡ್ದೋರು ಅದೇ ಕಿಂಡಿಯಿಂದ ಸಿಕ್ಕಿಹಾಕ್ಕೊಳ್ಳಲಿಲ್ಲ. ಅಡಿಕೆ ಲೆಕ್ಕ ಅಂತ ಹಗುರ ಮಾಡೋ ವಿಷ್ಯಾನೂ ಅಲ್ಲ, ವರ್ಷಗಟ್ಲೆ ಲೆಕ್ಕ ಲಾಕ್ ಆದ್ರೆ ಮತ್ತೆ ಬರೆಯೋರು ಯಾರು.

ಸಪೋರ್ಟ್ ವಿಷ್ಯ: ವಿಂಡೋಸ್ 10ಗೆ ಮಾಮೂಲಿ ಅಪ್‌ಡೇಟ್ 2025 ಅಕ್ಟೋಬರ್ 14ಕ್ಕೆ ಮುಗೀತು. 2026 ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಬೇಕಂದ್ರೆ ಇಎಸ್‌ಯುಗೆ (ಸಪೋರ್ಟ್ ಮುಗಿದ್ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಮೈಕ್ರೋಸಾಫ್ಟ್ ಯೋಜನೆ) ಸೇರ್ಕೋಬೇಕು. ಅದಕ್ಕೆ 22ಎಚ್2 ವರ್ಷನ್ ಇರ್ಬೇಕು, ಒಂದು ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಅಪ್‌ಡೇಟ್ ಪೇಜಲ್ಲೇ ಎನ್‌ರೋಲ್ ನೌ ಅಂತ ಕಾಣತ್ತೆ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡೋಕೆ ಒಪ್ಪಿದ್ರೆ ದುಡ್ಡಿಲ್ಲ, ಬೇಡ ಅಂದ್ರೆ 30 ಡಾಲರ್ ಕಟ್ಬೇಕು, ಇಲ್ಲಾ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್ ಕೊಡ್ಬೇಕು. 2016ರ ಮಷೀನ್ ಅಂದ್ರೆ ವಿಂಡೋಸ್ 11 ಅಧಿಕೃತವಾಗಿ ಕೂರಲ್ಲ, ಇಂಟೆಲ್ ಪ್ರೊಸೆಸರ್ ಆದ್ರೆ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದಿರ್ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು. ಹಾಗಾಗಿ ಈಗ ಇಎಸ್‌ಯು ಹಾಕ್ಸಿ, ಹೊಸ ಮಷೀನಿಗೆ ನಿಧಾನಕ್ಕೆ ದುಡ್ಡು ಕೂಡಿಡಿ.

ಸಾಗರದ_ಕಡೆ:

ಮೇಡಂ, ಸರ್, ಕೆಲ್ಸ ಆಯ್ತು. ಅಪ್‌ಡೇಟ್ ಕ್ಲೀನಪ್ ಒಂದರಲ್ಲೇ ಸುಮಾರು ಜಾಗ ಬಂತು, ಉಳಿದಿದ್ದು ವಾಟ್ಸಾಪ್ ವೀಡಿಯೋ ಡಿ ಡ್ರೈವ್‌ಗೆ ಕಳ್ಸಿದ್ಮೇಲೆ. ರೀಸ್ಟಾರ್ಟ್ ಆಗಿ ಹಿಸ್ಟರೀಲಿ ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್ ಅಂತ ಬಂದಿದೆ, ನುಡಿ ಮೊದಲಿನ ಹಾಗೇ ಓಡ್ತಿದೆ. ಇಎಸ್‌ಯುಗೂ ಸೇರ್ಸಿದೀನಿ.

ಇನ್ನೊಂದೇ ಪ್ರಶ್ನೆ. ಸಿಡಿಲಿನ ಭಯಕ್ಕೆ ಅಪ್ಪ ಕೆಲ್ಸ ಮುಗ್ದ ತಕ್ಷಣ ಮೇನ್ ಸ್ವಿಚ್ ತೆಗೆದು ಪ್ಲಗ್ಗೂ ಕಿತ್ತಿಡ್ತಾರೆ, ಅದನ್ನ ಬಿಡಿ ಅಂತ ಹೇಳೋ ಹಾಗಿಲ್ಲ, ನಮ್ಮೂರ ಸಿಡಿಲು ಅಂಥದ್ದು. ದಿನಕ್ಕೆ ಅರ್ಧ ಗಂಟೆ ಮುಕ್ಕಾಲು ಗಂಟೆ ಆನ್ ಇದ್ರೆ ಹೆಚ್ಚು. ಹೀಗಿದ್ರೆ ಮುಂದೆ ಅಪ್‌ಡೇಟ್ ತಾನಾಗೇ ಆಗತ್ತಾ?

ಹೆಲ್ಪ್‌ಡೆಸ್ಕ್_ಮೈಸೂರು:

ಮಲೆನಾಡಲ್ಲಿ ಪ್ಲಗ್ ಕಿತ್ತಿಡೋದೇ ಸರಿ, ಅದನ್ನ ಬಿಡಿಸ್ಬೇಡಿ. ಆದ್ರೆ ಅರ್ಧ ಗಂಟೇಲಿ ಆಟೊಮ್ಯಾಟಿಕ್ ಅಪ್‌ಡೇಟ್ ನಂಬೋಕಾಗಲ್ಲ. ಮೈಕ್ರೋಸಾಫ್ಟ್‌ನವ್ರೇ 2022ರಲ್ಲಿ ಹೇಳಿದ್ರು, ಅಪ್‌ಡೇಟ್ ಬಂದ್ಮೇಲೆ ಮಷೀನ್ ನೆಟ್‌ಗೆ ಸೇರ್ಕೊಂಡು ಕಡೇಪಕ್ಷ 2 ಗಂಟೆ ಒಂದೇ ಸಮ ಇರ್ಬೇಕು, ಒಟ್ಟು 6 ಗಂಟೆ ಆಗ್ಬೇಕು ಅಂತ. ಅದಕ್ಕಿಂತ ಕಡಿಮೆ ಆದ್ರೆ ಹಿನ್ನೆಲೇಲಿ ಡೌನ್‌ಲೋಡ್ ಆಗಿ ಮುಗಿಯೋದು ಕಷ್ಟ.

ತಿಂಗಳ ಅಪ್‌ಡೇಟ್ ಬರೋದು ಎರಡನೇ ಮಂಗಳವಾರ, ಅಮೆರಿಕದ ಲೆಕ್ಕದಲ್ಲಿ. ನಮ್ಗೆ ಆಗ ತಡರಾತ್ರಿ, ಹಾಗಾಗಿ ಬುಧವಾರ ಬೆಳಿಗ್ಗೆ ಅಂತ ಇಟ್ಕೊಳ್ಳಿ. ಆ ಬುಧವಾರ, ಅಥವಾ ಆಮೇಲೆ ಬಾನು ತಿಳಿಯಾಗಿರೋ ಒಂದಿನ, ಬೆಳಿಗ್ಗೆ ಆನ್ ಮಾಡಿ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ ತೋಟಕ್ಕೆ ಹೋಗ್ಬರೋಕೆ ಹೇಳಿ. ಕೈಲೇ ಒತ್ತಿದ್ರೆ ಅಷ್ಟು ಗಂಟೆ ಕಾಯೋ ಗೋಜಿಲ್ಲ, ಆಗ್ಲೇ ಶುರು ಮಾಡತ್ತೆ. ಬಂದ್ಮೇಲೆ ರೀಸ್ಟಾರ್ಟ್ ಕೇಳಿದ್ರೆ ಕೊಡ್ಲಿ, ನೀಲಿ ಸ್ಕ್ರೀನಲ್ಲಿ ಪರ್ಸೆಂಟ್ ಓಡ್ತಿರುವಾಗ ಸ್ವಿಚ್ ತೆಗೀಬಾರ್ದು. ನಡುವೆ ಕರೆಂಟ್ ಹೋದ್ರೆ ಅಂತ ಕೇಳ್ತೀರಲ್ಲ, ಸಾಮಾನ್ಯವಾಗಿ ಮುಂದಿನ ಸಲ ಆನ್ ಮಾಡ್ದಾಗ ಹಿಂದಕ್ಕೆ ತಗೊಂಡು ಮತ್ತೆ ಮೊದ್ಲಿಂದ ಶುರು ಮಾಡತ್ತೆ, ಆದ್ರೂ ಸಣ್ಣದೊಂದು ಯುಪಿಎಸ್ ಇದ್ರೆ ಒಳ್ಳೇದು.

ಹುಬ್ಬಳ್ಳಿ_ರಿಪೇರಿ:

ಪ್ಲಗ್ ಕೀಳೂದು ಖಾಯಂ ಇದ್ರ ಹೊಸಾ ಸೆಲ್ಲೂ ಬೇಗ ಇಳೀತೈತಿ, ಮನ್ಯಾಗ ಇನ್ನೊಂದು ತಂದು ಇಟ್ಟಿರ್ರಿ. ಸಿಡಿಲಿಗೆ ಪ್ಲಗ್ ಕೀಳಾಗ ನೆಟ್ಟಿನ ಕೇಬಲ್ ಸೈತ ಕೀಳಾಕ ಹೇಳ್ರಿ, ನಮ್ಮ ಬೆಂಚಿಗೆ ಬರೂ ಸುಟ್ಟ ಬೋರ್ಡಿನ್ಯಾಗ ಲ್ಯಾನ್ ಪೋರ್ಟಿಂದ ಹೊಡೆದದ್ದು ಭಾಳ ಇರ್ತಾವ.