ಅಪ್‌ಡೇಟ್: ಆಸ್ಟ್ರೇಲಿಯಾದ ತೋಟದಲ್ಲಿ ಜಾಗ ಸಿಕ್ಕಿತು!

ಪರ್ತ್‌ನಿಂದ ಅಡಿಲೇಡ್‌ಗೆ ಕಡಿಮೆ ಖರ್ಚಲ್ಲಿ ಕಾರಲ್ಲಿ ಹೋಗಿ, ಸಾವಯವ ತೋಟದವರನ್ನೂ ಕೆಲಸಕ್ಕೆ ಬರುವವರನ್ನೂ ಸೇರಿಸುವ ವೂಫ್ (WWOOF) ಸಂಸ್ಥೆ ಮೂಲಕ ಸಾವಯವ ತೋಟದಲ್ಲಿ ಕೆಲಸ ಮಾಡಿಕೊಂಡು ಇರಬೇಕು, ಆದರೆ ಯಾವ ತೋಟದವರೂ ಉತ್ತರ ಕೊಡುತ್ತಿಲ್ಲ ಅಂತ ಹದಿನೈದು ದಿನದ ಹಿಂದೆ ಇಲ್ಲಿ ಕೇಳಿದ್ದೆ.

ಒಂದೇ ಪತ್ರವನ್ನು ಇಪ್ಪತ್ತು ಕಡೆ ಕಳಿಸಿ ಅಂತ ಕೆಲವರು ಅಂದಿದ್ದರಲ್ಲ, ಅದರಿಂದ ಏನೂ ಆಗಲಿಲ್ಲ. ಕೈ ಹಿಡಿದದ್ದು, "ಮೊದಲು ಮಂಡ್ಯದಲ್ಲೇ ಒಂದು ವಾರ ಮಣ್ಣಿಗಿಳಿಯಿರಿ" ಅಂತ ಇಲ್ಲೇ ಉತ್ತರ ಕೊಟ್ಟ ಅಕ್ಕನ ಮಾತು. ತುಂಬಾ ಥ್ಯಾಂಕ್ಸ್ ಅಕ್ಕ! ಶ್ರೀರಂಗಪಟ್ಟಣದ ಹತ್ತಿರ ಒಂದು ತೋಟಕ್ಕೆ ಹೋದೆ. ಜೀವಾಮೃತ ಅನ್ನೋ ಸಾವಯವ ದ್ರವಗೊಬ್ಬರ ಮಾಡಲು ಕಲಿತೆ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಬೆಳಿಗ್ಗೆ ಸಂಜೆ ಕೋಲಿನಲ್ಲಿ ತಿರುಗಿಸಿದೆ. ಎರಡನೇ ದಿನ ನೊರೆ ಎದ್ದು ಹುಳಿ ವಾಸನೆ ಬಂದಾಗ ಆದ ಖುಷಿ ಹೇಳತೀರದು. ಆ ಫೋಟೋ ಹಾಕಿ ಆಸ್ಟ್ರೇಲಿಯಾದ ಒಂದು ತೋಟಕ್ಕೆ ಬರೆದೆ, ಮೂರೇ ದಿನಕ್ಕೆ ಒಪ್ಪಿಗೆ ಬಂತು. ದಿನಕ್ಕೆ ಐದು ಗಂಟೆ ಕೆಲಸ, ಊಟ ವಸತಿ ಅವರದ್ದು.

ಒಂದು ವಿಷಯ, ವೂಫ್ ಸದಸ್ಯತ್ವ ದೇಶಕ್ಕೊಂದು. ಭಾರತದ್ದು ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ, ಒಪ್ಪಿಗೆ ಕೊಟ್ಟ ತೋಟದವರೇ ಹೇಳಿದ್ದು. ಸುಮಾರು 2,700 ಕಿ.ಮೀ. ದಾರಿ ಅಲ್ವಾ, ಹಣ್ಣು ತರಕಾರಿ ಜಾಸ್ತಿ ತುಂಬಿಕೊಳ್ಳೋಣ ಅಂತಿದ್ದೆ. ಆದರೆ ದಾರಿಯಲ್ಲಿ ಸಿಗುವ ಸೆಡೂನಾ ಊರಿನ ಕೀಟ-ರೋಗ ತಪಾಸಣೆಯಲ್ಲಿ ಅವನ್ನು ತೆಗೆದಿಟ್ಟುಕೊಳ್ಳುತ್ತಾರಂತೆ. ಅಲ್ಲಿವರೆಗೆ ಬೇಕಾದಷ್ಟೇ ಕೊಂಡು, ಮುಂದಿನದನ್ನು ಸೆಡೂನಾ ದಾಟಿದ ಮೇಲೆ ಕೊಳ್ಳುತ್ತೇನೆ.