‘ಸಾಬೂನು ವಿತರಕ’ ಅಂದರೆ ಯಾರು?

ನಮಸ್ಕಾರ,

ಮೊನ್ನೆ ಒಂದು ಕಚೇರಿಯ ಶೌಚಾಲಯದಲ್ಲಿ ಕೈ ತೊಳೆಯಲು ಹೋದಾಗ ಗೋಡೆಯ ಮೇಲಿನ ಡಬ್ಬಿಗೆ ‘ಸಾಬೂನು ವಿತರಕ’ ಎಂದು ಚೀಟಿ ಅಂಟಿಸಿದ್ದು ಕಂಡೆ. ವಿತರಕ ಎಂದರೆ ನನ್ನ ಕಣ್ಣಿಗೆ ಬರುವುದು ಗಾಂಧಿನಗರದಲ್ಲಿ ಸಿನಿಮಾ ಹಂಚುವವರು, ಇಲ್ಲವೇ ಗ್ಯಾಸ್ ಏಜೆನ್ಸಿಯವರು. ಸೋಪಿನ ಏಜೆಂಟರು ಗೋಡೆಯೊಳಗೆ ಕೂತಿದ್ದಾರೇನೋ ಅನ್ನಿಸಿತು.

ಅದು ಇಂಗ್ಲಿಷಿನ ‘ಸೋಪ್ ಡಿಸ್ಪೆನ್ಸರ್’ಗೆ ಮಾಡಿದ ಕನ್ನಡ. ನನಗೇಕೋ ಒಪ್ಪಲಿಲ್ಲ, ಬೇರೆ ಪದ ಹುಡುಕತೊಡಗಿದೆ. ‘ಡಿಸ್ಪೆನ್ಸರ್’ ಹುಟ್ಟಿದ್ದು ತೂಗಿ ಕೊಡು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಅಳತೆಯೇ ಅದರ ಜೀವ. ‘ವಿತರಣೆ’ಯಲ್ಲಿ ಹಂಚಿಕೆ ಇದೆ, ಅಳತೆ ಇಲ್ಲ.

ಈ ವಸ್ತುವಿಗೆ ಅಳತೆಯೇ ಮುಖ್ಯ. ನಾಲ್ಕು ಜನ ಬಂದುಹೋಗುವ ಜಾಗದಲ್ಲಿ ಬಿಲ್ಲೆ ಸೋಪು ಇಟ್ಟರೆ ಸಂಜೆಯೊಳಗೆ ಲೋಳೆಯಾಗುತ್ತದೆ, ಇಲ್ಲವೇ ಯಾರದೋ ಜೇಬು ಸೇರುತ್ತದೆ. ನ್ಯೂಯಾರ್ಕಿನ ವಿಲಿಯಂ ಶೆಪರ್ಡ್ 1865ರಲ್ಲೇ ದ್ರವ ಸೋಪಿಗೆ ಪೇಟೆಂಟ್ ಪಡೆದಿದ್ದರೂ ಬಹುಕಾಲ ಅದು ಹೆಚ್ಚಾಗಿ ಸಾರ್ವಜನಿಕ ಜಾಗಗಳ ಗೋಡೆಗೇ ಅಂಟಿಕೊಂಡಿತ್ತು. ಅದನ್ನು ಅಮೆರಿಕದ ಮನೆಮನೆಗೆ ಹೊಗಿಸಿದ್ದು 1980ರಲ್ಲಿ ಮಿನೆಟೊಂಕಾ ಕಂಪನಿಯ ‘ಸಾಫ್ಟ್‌ಸೋಪ್’ ಎಂಬ ಪಂಪು ಬಾಟಲಿಯ ಸೋಪು. ದೊಡ್ಡ ಕಂಪನಿಗಳು ನಕಲು ಮಾಡಿಯಾವು ಎಂದು ಆ ಸಣ್ಣ ಕಂಪನಿ 10 ಕೋಟಿ ಪ್ಲಾಸ್ಟಿಕ್ ಪಂಪುಗಳನ್ನು ಮುಂಚೆಯೇ ಕೊಂಡಿಟ್ಟುಕೊಂಡಿತು. ಸೋಪನ್ನು ಯಾರಾದರೂ ಕಾಯಿಸಬಹುದು, ಪಂಪಿಲ್ಲದೆ ಮಾರುವುದು ಹೇಗೆ?

ಇನ್ನು ‘ಒತ್ತುಗ’ ಎಂದು ಕರೆಯೋಣ ಎನ್ನುವವರಿದ್ದಾರೆ. ಒಳ್ಳೆಯ ಪದವೇ. ಆದರೆ ಹಿಂದೆ ಪುಡಿ ಸೋಪಿನ ಡಬ್ಬಿಗಳಿದ್ದವು, ಅವುಗಳ ಹಿಡಿಕೆ ಅಲ್ಲಾಡಿಸಬೇಕಿತ್ತು. ಆಮೇಲೆ ಒತ್ತುವವು ಬಂದವು. ಈಗಿನದಕ್ಕೆ ಬರೀ ಅಂಗೈ ಒಡ್ಡಿದರೆ ಸಾಕು: ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕೈಗೆ ತಾಗಿ ಹಿಂದಿರುಗುತ್ತದೆ, ಮೋಟಾರು ತಿರುಗುತ್ತದೆ, ಒಂದು ಗುಟುಕು ಸೋಪು ಬೀಳುತ್ತದೆ. (ಬಿದ್ದರೆ! ಎಷ್ಟೋ ಕಡೆ ನಾವು ಭಿಕ್ಷೆಗೆ ನಿಂತವರ ಹಾಗೆ ಕೈಯೊಡ್ಡಿಕೊಂಡೇ ಇರಬೇಕು.) ಇದನ್ನು ‘ಒತ್ತುಗ’ ಎನ್ನುವುದು ಹೇಗೆ?

‘ಸೋಪುಡಬ್ಬಿ’ ಎನ್ನೋಣವೆಂದರೆ ಅದು ಊರಿಗೆ ಹೋಗುವಾಗ ಬಿಲ್ಲೆ ಹಾಕಿಕೊಳ್ಳುವ ಡಬ್ಬಿ. ಆದರೂ ಆ ಕಚೇರಿಯಲ್ಲಿ ಸೋಪು ತುಂಬುತ್ತಿದ್ದ ಕೆಲಸದ ಅಮ್ಮನನ್ನು ಕೇಳಿದರೆ, “ಡಬ್ಬಿ ಅಂತೀವಿ ಸಾರ್, ಇನ್ನೇನಂತಾರೆ?” ಎಂದರು.

ನನ್ನ ಮನಸ್ಸು ‘ಗಿಂಡಿ’ಯ ಕಡೆಗಿದೆ. ಬಂದವರಿಗೆ ಕೈಕಾಲು ತೊಳೆಯಲು ಕೊಡುತ್ತಿದ್ದ, ಸಣ್ಣ ಮೂತಿಯ ಪಾತ್ರೆ. ಬಗ್ಗಿಸಿದರೆ ತೆಳ್ಳಗೆ ಹಿಡಿತದಲ್ಲಿ ಸುರಿಯುತ್ತದೆ, ನೀರು ದಂಡವಾಗದು. ಕೈ ತೊಳೆಯುವ ಕೆಲಸ, ಮೂತಿ, ಮಿತ, ಮೂರೂ ಅದರಲ್ಲಿವೆ. ‘ಸೋಪುಗಿಂಡಿ’ ಎಂದರೆ ಒತ್ತಿದರೂ ಸರಿ, ಕೈಯೊಡ್ಡಿದರೂ ಸರಿ.

ಆದರೆ ನಾನು ಕರಾವಳಿಯ ಕಡೆಯವನು, ನನ್ನ ಕಿವಿಗೆ ಗಿಂಡಿ ಹಿತ. ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಈ ಪದ ನಡೆಯುತ್ತದೆಯೇ? ನಿಮ್ಮ ಕಡೆಯ ತಂಬಿಗೆ ‘ಚರಗಿ’ಯನ್ನು ಮಾತ್ರ ಸೂಚಿಸಬೇಡಿ. ಚರಗಿ ಹಿಡಿದು ಹೊರಟವರು ಎಲ್ಲಿಗೆ ಹೋಗುತ್ತಾರೆಂದು ನನಗೂ ಗೊತ್ತು.